ಮ್ಯೂಸಿಯಮ್ಮಿನೊಳಗಿನ ನಮ್ಮ ಬೇಸ್‌ಮೆಂಟು

ಮಿಸಿಸಾಗದಲ್ಲಿ ನಾವು ಬಾಡಿಗೆಗಿದ್ದ ಬೇಸ್‌ಮೆಂಟನ್ನು ಮ್ಯೂಸಿಯಮ್ಮಿನವರು ಮತ್ತೆ ಕಟ್ಟುತ್ತಾರಂತೆ ಎಂಬ ಸುದ್ದಿಯನ್ನು ನನ್ನ ಗಂಡ ಕನ್ನಡ ಸಂಘದ ಸಭೆಯಿಂದ ತಂದರು. ಬಾಗಿಲಲ್ಲಿ ಶೂ ಬಿಚ್ಚುವ ಮೊದಲೇ ಹೇಳಿಬಿಟ್ಟರು. ಹಳೆಯ ತೋಟದ ಮನೆಯೊಂದರಲ್ಲಿ ನಡೆಯುವ ಚಿಕ್ಕ ಮ್ಯೂಸಿಯಂ ಅದು. ಬೆಣ್ಣೆ ಕಡೆಯುವ ಪೀಪಾಯಿ, ಸೇಬು ಆರಿಸುವ ಜರಡಿ, ನೂರು ವರ್ಷದ ಹಿಂದಿನ ಮದುವೆಯ ಗೌನು ಇಂಥವನ್ನೆಲ್ಲ ಇಟ್ಟುಕೊಂಡು, ಶಾಲೆಯ ಮಕ್ಕಳು ಬಂದಾಗ ಮಾತ್ರ ಗದ್ದಲವಾಗುವ ಜಾಗ. ಈ ಸಲ ಅವರು ಹೊರಗಿನಿಂದ ಬಂದು ನೆಲೆಸಿದವರ ಬಗ್ಗೆ ಒಂದು ಪ್ರದರ್ಶನ ಮಾಡುತ್ತಿದ್ದರು. ಒಂದೊಂದು ಸಮುದಾಯದಿಂದ ಒಂದೊಂದು ಮನೆ. ಕನ್ನಡದವರಿಂದ ನಾವು.

"ನಮ್ಮ ಮಂದೀದು ಒಂದು ಖೋಲಿ ಇರತೈತಿ ಅಲ್ಲಿ," ಎಂದರು ಇವರು. "ಬಾಗಲ ಮ್ಯಾಲೆ ಕನ್ನಡದಾಗ ಬೋರ್ಡು."

ನಮ್ಮನ್ನೇ ಯಾಕೆ ಆರಿಸಿದರು ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಸಂಘದ ಯುಗಾದಿ ಇರಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆ ಇರಲಿ, ಊಟವಾದ ಮೇಲೆ ಯಾರಾದರೊಬ್ಬರು ಇವರಿಗೆ, "ಆ ಹಿಮದ ಕಥೆ ಹೇಳ್ರಿ," ಅನ್ನುತ್ತಿದ್ದರು. ಇವರು ಹೇಳುತ್ತಿದ್ದರು. ಚೆನ್ನಾಗಿ ಹೇಳುತ್ತಿದ್ದರು. ಹುಬ್ಬಳ್ಳಿಯವರಿಗೆ ಮಾತು ಹೇಳಿಕೊಡಬೇಕೇ? ವೇರ್‌ಹೌಸಿನ ಶಿಫ್ಟಿಗೆ ಹೋದಾಗ ದೊಡ್ಡ ಹಿಮಗಾಳಿ ಬೀಸಿದ್ದು, ಬಸ್ಸುಗಳು ನಿಂತದ್ದು, ಇವರು ಸೊಂಟದ ಮಟ್ಟದ ಹಿಮದಲ್ಲಿ ನಡೆದೇ ಬಂದದ್ದು, ಬಂದು ನೋಡಿದರೆ ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲುಗಳೇ ಕಾಣದಂತೆ ಹಿಮ ತುಂಬಿಕೊಂಡದ್ದು. ಹೆಂಡತಿ, ಎಳೆಗೂಸು ಒಳಗೆ. ಎದೆ ಧಸಕ್ಕೆಂದಿತು. ಆಗ ಹಿಮದ ಕೆಳಗಿನಿಂದ ಟಪ್ ಟಪ್ ಟಪ್ ಎಂದು ಸಪ್ಪಳ. ಏನೆಂದು ಕಿವಿಗೊಟ್ಟರೆ, ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ! ಕಷ್ಟಪಟ್ಟು ಹಿಮ ತೋಡಿ ಬಾಗಿಲು ತೆಗೆದರೆ ಮದುವೆಗಾಗುವಷ್ಟು ರೊಟ್ಟಿ ಒಟ್ಟಿ ಕೂತಿದ್ದಾಳೆ. ಕಥೆ ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಿದ್ದರು. "ಉತ್ತರ ಕರ್ನಾಟಕದ ಹೆಣ್ಣಮಕ್ಕಳು ಅಂದ್ರ ಹಿಂಗ," ಎಂದು ಇವರು ನನ್ನ ಕಡೆ ಕೈ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಅಷ್ಟು ವರ್ಷ ಒಂದೇ ಜಾಗದಲ್ಲಿ ನಕ್ಕರೆ ಆ ನಗು ತಾನಾಗಿ ಬರುತ್ತದೆ.

ಸ್ವಲ್ಪ ದಿನಕ್ಕೆ ಮ್ಯೂಸಿಯಮ್ಮಿನ ಹೆಂಗಸು ಜಾರ್ಜ್‌ಟೌನಿನ ನಮ್ಮ ಈಗಿನ ಮನೆಗೆ ಬಂದಳು. ಪ್ರದರ್ಶನ ಸಿದ್ಧಪಡಿಸುವವಳು ಅವಳೇ. ಒಳ್ಳೆಯ ಹುಡುಗಿ, ಮಾತು ಮೆದು. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ತಿಂದಳು. ಬೇಸ್‌ಮೆಂಟಿನ ಹಳೆಯ ಫೋಟೋಗಳನ್ನು ನೋಡಿ ಎತ್ತರ, ಅಗಲ ಎಲ್ಲ ಕೇಳಿ ಬರೆದುಕೊಂಡಳು. ಆ ಕಾಲದ ಸಾಮಾನು ಏನಾದರೂ ಉಳಿದಿದ್ದರೆ ಕೊಡಿ ಎಂದಳು. ಇವರು ಉತ್ಸಾಹದಿಂದ ಶಿಫ್ಟಿನ ದಪ್ಪ ಶೂ, ಊಟದ ಡಬ್ಬಿ, ನಾವು ಊರಿನಿಂದ ತಂದಿದ್ದ ರೊಟ್ಟಿಯ ಹಂಚು, ಅವ್ವ ಹೊಲಿದುಕೊಟ್ಟ ಕೌದಿ ಎಲ್ಲ ತಂದು ಟೇಬಲ್ಲಿನ ಮೇಲೆ ಹರಡಿದರು. ಕೌದಿ ಬೇಡವೆನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಅದನ್ನು ಎತ್ತಿ ಹಿಡಿದು, ಇಷ್ಟು ಚಂದದ ಹೊಲಿಗೆ ತಾನು ಕಂಡೇ ಇಲ್ಲ ಎಂದಳು.

ಇವರ ಕಥೆಯನ್ನು ಅವಳು ರೆಕಾರ್ಡ್ ಮಾಡಿಕೊಂಡಳು. ಇವರು ಇಂಗ್ಲಿಷಿನಲ್ಲೂ ಚೆನ್ನಾಗಿಯೇ ಹೇಳಿದರು. ಆಮೇಲೆ ಅವಳು ನನ್ನ ಕಡೆ ತಿರುಗಿ, ಆ ದಿನಗಳ ಬಗ್ಗೆ ನಿಮಗೆ ಏನು ನೆನಪಿದೆ ಎಂದು ಕೇಳಿದಳು. ತುಂಬ ಚಳಿಯಿತ್ತು ಎಂದೆ. ಇವರು ನಕ್ಕು, ಇವಳದು ಮಾತು ಕಮ್ಮಿ, ಕೆಲಸ ಜಾಸ್ತಿ ಎಂದರು. ಅವಳೂ ನಕ್ಕಳು. ನನ್ನ ರೆಕಾರ್ಡಿಂಗ್ ಅಲ್ಲಿಗೆ ಮುಗಿಯಿತು.

ಬೇಸ್‌ಮೆಂಟ್ ಕೆಟ್ಟದಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಚ್ಚಗಿತ್ತು, ಸ್ವಚ್ಛವಿತ್ತು. ಮೇಲಿನ ಮನೆಯವರು ವಯಸ್ಸಾದ ದಂಪತಿ, ಮನಸ್ಸು ಕೆಟ್ಟದ್ದಲ್ಲ. ಆದರೆ ರೊಟ್ಟಿ ಬಡಿಯುವ ಸಪ್ಪಳ ಅವರಿಗೆ ಆಗುತ್ತಿರಲಿಲ್ಲ. ಮೊದಲ ವಾರವೇ ಆ ಅಮ್ಮ ಕೆಳಗಿಳಿದು ಬಂದು, ತನಗೆ ತಲೆನೋವಿನ ಕಾಯಿಲೆ, ದಯವಿಟ್ಟು ಬೇರೇನಾದರೂ ಮಾಡಿಕೊಳ್ಳಿ ಎಂದರು. ಅಂದಿನಿಂದ ನಾನು ಚಪಾತಿ ಲಟ್ಟಿಸಿದೆ. ಅವರು ಕಾರು ತೆಗೆದುಕೊಂಡು ಹೊರಗೆ ಹೋದರೆ ಮಾತ್ರ ಗಡಿಬಿಡಿಯಲ್ಲಿ ನಾಲ್ಕು ರೊಟ್ಟಿ ಬಡಿಯುತ್ತಿದ್ದೆ. ಆಗ ಮಗಳು ಆ ಸಪ್ಪಳಕ್ಕೆ ಕಣ್ಣರಳಿಸಿ ಸುಮ್ಮನೆ ಮಲಗುತ್ತಿದ್ದಳು. ನಡೆಯುವ ಸಪ್ಪಳ, ನೀರಿನ ಸಪ್ಪಳ, ಮಗುವಿನ ಅಳು ಎಲ್ಲವನ್ನೂ ಅಳೆದು ಬದುಕುವುದು ಅಭ್ಯಾಸವಾಯಿತು. ಇವರು ರಾತ್ರಿ ಶಿಫ್ಟು, ಹಗಲು ನಿದ್ದೆ. ನನಗೆ ಲೈಸೆನ್ಸ್ ಇರಲಿಲ್ಲ, ಕಾರೂ ಇರಲಿಲ್ಲ. ಚಳಿಗಾಲದಲ್ಲಿ ಮಗುವನ್ನೆತ್ತಿಕೊಂಡು ಬಸ್ ಸ್ಟಾಪಿಗೆ ಹೋದರೆ ಅವಳ ಮೂಗು ನೀಲಿಯಾಗುತ್ತಿತ್ತು. ಹಾಗಾಗಿ ಹೋಗುತ್ತಲೇ ಇರಲಿಲ್ಲ. ಛಾವಣಿಯ ಹತ್ತಿರ ಒಂದು ಚಿಕ್ಕ ಕಿಟಕಿಯಿತ್ತು. ಸ್ಟೂಲು ಹಾಕಿಕೊಂಡು ನಿಂತರೆ ಯಾರದಾದರೂ ಶೂ ಕಾಣುತ್ತಿತ್ತು. ಧಾರವಾಡದಲ್ಲಿ ಕಾಲೇಜಿನ ಡಿಬೇಟಿನಲ್ಲಿ ಗೆದ್ದವಳು ನಾನು. ಆ ಬೇಸ್‌ಮೆಂಟಿನಲ್ಲಿ ನನ್ನ ಧ್ವನಿಯೇ ನನಗೆ ಅಪರಿಚಿತವಾಗಿಬಿಟ್ಟಿತ್ತು.

ಉದ್ಘಾಟನೆಯ ದಿನ ನಾನು ಮೊದಲ ಸಲ ಆ ಖೋಲಿಯನ್ನು ನೋಡಿದೆ. ಮ್ಯೂಸಿಯಮ್ಮಿನ ಹಿಂದಿನ ಹಾಲಿನಲ್ಲಿ ಪೋಲೆಂಡಿನ ದರ್ಜಿಯೊಬ್ಬರ ಹೊಲಿಗೆ ಯಂತ್ರ ದಾಟಿ, ಜಮೈಕಾದ ನರ್ಸೊಬ್ಬರ ಸಮವಸ್ತ್ರ ದಾಟಿ ಹೋದರೆ ನಮ್ಮದು. ಪ್ಲೈವುಡ್ಡಿನಲ್ಲಿ ಕಟ್ಟಿದ್ದರು. ಛಾವಣಿ ಅಷ್ಟೇ ತಗ್ಗು. ಅದರ ಅಡ್ಡಕ್ಕೆ ನಮ್ಮಲ್ಲಿದ್ದಂಥದೇ ಪೈಪು. ಕಿಟಕಿಯ ಹಿಂದೆ ಹತ್ತಿ ತುಂಬಿಸಿ ಹಿಮ ಮಾಡಿದ್ದರು. ಅದರ ಹಿಂದೆ ಒಂದು ಬಲ್ಬು, ಹೊತ್ತು ಮುಳುಗದ ಮಧ್ಯಾಹ್ನದ ಹಾಗೆ. ಅವ್ವನ ಕೌದಿ ಮಂಚದ ಮೇಲೆ, ಸುತ್ತ ಹಗ್ಗ, ಹಗ್ಗಕ್ಕೆ 'ಮುಟ್ಟಬೇಡಿ' ಎಂಬ ಚೀಟಿ. ಮಡಿಕೆ ಸರಿಯಾಗಿಲ್ಲವೆಂದು ನಾನು ಕೈ ಚಾಚಿದಾಗ ಅಲ್ಲಿದ್ದ ಕೆಲಸದವನು ವಿನಯದಿಂದ ತಡೆದ. ಕೈಯ ಎಣ್ಣೆ ತಾಗಿದರೆ ಬಟ್ಟೆ ಹಾಳಾಗುತ್ತದಂತೆ.

ಗೋಡೆಯಲ್ಲೊಂದು ಗುಂಡಿ. ಒತ್ತಿದರೆ ಇವರ ಧ್ವನಿಯಲ್ಲಿ ಹಿಮದ ಕಥೆ.

ಸಂಘದ ಹಿರಿಯರು ಬಾಗಿಲ ಮೇಲಿನ ಕನ್ನಡ ಅಕ್ಷರ ನೋಡಿ ಕಣ್ಣೊರೆಸಿಕೊಂಡರು. ಬೆಂಗಳೂರು, ಮೈಸೂರಿನಿಂದ ಬಂದ ಹೊಸ ಹುಡುಗರು, ಎಲ್ಲರೂ ಐಟಿಯವರು, ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಗುಂಡಿ ಒತ್ತಿದರು, ನಕ್ಕರು, ಮತ್ತೆ ಒತ್ತಿದರು. ನನಗೆ ಉಸಿರು ಸಾಲದ ಹಾಗಾಯಿತು. ಜನ ಹೆಚ್ಚಾಗಿದ್ದಕ್ಕೆ ಇರಬಹುದೆಂದುಕೊಂಡು ಹೊರಗೆ ಬಂದು ಪಾರ್ಕಿಂಗಿನಲ್ಲಿ ನಿಂತೆ.

ಮುಂದಿನ ವಾರ ಆ ಹುಡುಗಿ ಫೋನ್ ಮಾಡಿದಳು. ಶನಿವಾರಗಳಂದು ನಾನು ಆ ಖೋಲಿಯಲ್ಲಿ ಕೂತು ರೊಟ್ಟಿ ಬಡಿದು ತೋರಿಸಬಹುದೇ? ಬೆಂಕಿ ಇಲ್ಲ, ಹಿಟ್ಟು ಮಾತ್ರ. ಬೇಡವೆನ್ನಲು ಬಾಯಿ ತೆರೆದೆ. ಆದರೆ ಸಂಘದ ಹಿರಿಯರಿಗೆ ಆಗಲೇ ಸುದ್ದಿ ಹೋಗಿತ್ತು. ಇವರು ಡೆಂಟಲ್ ಕ್ಲಿನಿಕ್ಕಿನ ನನ್ನ ಶನಿವಾರದ ಪಾಳಿಯನ್ನು ಬೇರೆಯವರೊಂದಿಗೆ ಬದಲಾಯಿಸಿಕೊಳ್ಳುವ ಉಪಾಯವನ್ನೂ ಹೇಳಿದರು. ಅಲ್ಲಿ ರಿಸೆಪ್ಷನ್ನಿನಲ್ಲಿ ನಾನು ಮಾಡುವ ಕೆಲಸ ನನಗೆ ಪ್ರೀತಿಯದು. ದಿನವಿಡೀ ಬಾಗಿಲು ತೆರೆಯುತ್ತಿರುತ್ತದೆ, ಹೊಸ ಮುಖ ಬರುತ್ತಿರುತ್ತದೆ. ಅದನ್ನು ಬಿಟ್ಟು ಆ ಪ್ಲೈವುಡ್ಡಿನ ಡಬ್ಬಿಗೆ ಹೋಗಿ ಕೂರಬೇಕಾಯಿತು.

ಎಷ್ಟು ಶನಿವಾರ ಹೋದೆನೋ ಲೆಕ್ಕವಿಟ್ಟಿಲ್ಲ. ಹಿಟ್ಟು ನಾದಿ, ಉಂಡೆ ಕಟ್ಟಿ, ಹಲಗೆಯ ಮೇಲೆ ಬಡಿಯುವುದು. ಬಡಿದದ್ದನ್ನು ಮುದ್ದೆ ಮಾಡಿ ಮತ್ತೆ ಬಡಿಯುವುದು. ತಲೆಯ ಮೇಲೆ ಆ ಪೈಪು. ಮಗ್ಗುಲಲ್ಲಿ ಗುಂಡಿ ಒತ್ತಿದಾಗೆಲ್ಲ ಇವರ ಧ್ವನಿ. ನಾನು ಬಡಿಯುತ್ತಿರುವಾಗಲೇ ಕಥೆಯಲ್ಲೂ ಟಪ್ ಟಪ್ ಬರುತ್ತಿತ್ತು, ಜನ ನನ್ನನ್ನು ನೋಡಿ ನಗುತ್ತಿದ್ದರು. ಇವರು ಹಗ್ಗದ ಆಚೆ ನಿಂತು, ಬಂದವರಿಗೆ ಶೂ, ಡಬ್ಬಿ ತೋರಿಸಿ ವಿವರಿಸುತ್ತಿದ್ದರು. ಇವರ ಮುಖದಲ್ಲಿ ಆ ಶನಿವಾರಗಳಲ್ಲಿದ್ದ ಖುಷಿ ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ಇಲ್ಲಿ ಬಂದು ಪಟ್ಟ ಪಾಡನ್ನು ಯಾರೋ ಗೌರವದಿಂದ ಕೇಳುತ್ತಿದ್ದರು. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಬಾರದಿದ್ದಷ್ಟೂ ಆ ಖೋಲಿ ಚಿಕ್ಕದಾಗುತ್ತಾ ಬಂತು.

ಫೆಬ್ರವರಿಯ ಒಂದು ಶನಿವಾರ ಜನ ಕಡಿಮೆ. ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ಒಬ್ಬಳು ಹುಡುಗಿ ಬಂದಳು, ಪಂಜಾಬಿನವಳು. ಹತ್ತಿರದ ಲೈಬ್ರರಿಗೆ ಬಂದವಳು ಬೆಚ್ಚಗಿರಲೆಂದು ಒಳಗೆ ಹೊಕ್ಕಿದ್ದಳು. ಗುಂಡಿ ಒತ್ತಿ ಇಡೀ ಕಥೆ ಕೇಳಿದಳು. ನಗುವ ಜಾಗ ಬಂದು ಹೋಯಿತು, ಅವಳು ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಾ ನಿಂತವಳು ಹಿಂದಿಯಲ್ಲಿ ಕೇಳಿದಳು:

"ಆಂಟೀ, ಮನೆಯಲ್ಲಿ ಗಂಡ ಇರಲಿಲ್ಲ, ಮಗುವಿಗೆ ಹಲ್ಲಿರಲಿಲ್ಲ. ಅಷ್ಟು ರೊಟ್ಟಿ ಯಾರಿಗೆ ಮಾಡಿದಿರಿ?"

ಅಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನನ್ನ ಕೈ ಹಿಟ್ಟಿನ ಮೇಲೆ ನಿಂತಿತು. ತಾನೂ ಬ್ರಾಂಪ್ಟನ್ನಿನಲ್ಲಿ ಒಂದು ಬೇಸ್‌ಮೆಂಟಿನಲ್ಲಿದ್ದೇನೆ ಎಂದಳು ಅವಳು. ಅಷ್ಟೇ ಹೇಳಿದ್ದು.

ನನ್ನ ಹಿಂದಿ ಹರುಕು ಮುರುಕು. ಅದರಲ್ಲೇ ಹೇಳಿದೆ. ಬೆಳಿಗ್ಗೆ ಎದ್ದು ಬಾಗಿಲು ದೂಡಿದೆ, ಬರಲಿಲ್ಲ. ಹೆಗಲು ಕೊಟ್ಟೆ, ಬರಲಿಲ್ಲ. ಮೇಲಿನ ಮನೆಗೆ ಹೋಗುವ ಬಾಗಿಲಿಗೆ ಅವರ ಕಡೆಯಿಂದ ಬೀಗ. ಅವರು ಮಗನ ಮನೆಗೆ ಹೋಗಿದ್ದರು. ಇದ್ದ ಒಂದು ಫೋನು ಗಂಡನ ಹತ್ತಿರ. ಕಿಟಕಿಗೆ ಹೊರಗಿನಿಂದ ಕಬ್ಬಿಣದ ಜಾಳಿಗೆ, ಅದರ ಮೇಲೆ ಹಿಮ. ಕೂಗಿದೆ. ಧ್ವನಿ ಒಡೆದು ಹೋಗುವವರೆಗೆ ಕೂಗಿದೆ. ಪಾತ್ರೆ ಬಡಿದೆ. ಆ ಸದ್ದಿಗೆ ಮಗಳು ಬೆಚ್ಚಿ, ಅತ್ತೂ ಅತ್ತೂ ಉಸಿರು ಹಿಡಿದಳು. ಅವಳು ಹೆದರದ, ಆದರೆ ಹೊರಗೆ ಕೇಳಿಸಬಹುದಾದ ಸದ್ದು ಒಂದೇ ಇತ್ತು. ಹಲಗೆಯನ್ನು ಕಿಟಕಿಯ ಕೆಳಗೆ ಎಳೆದುಕೊಂಡು ರೊಟ್ಟಿ ಬಡಿದೆ. ಮೇಲಿನ ಅಮ್ಮನ ತಲೆಗೆ ಕೇಳುವ ಸದ್ದು ರಸ್ತೆಯಲ್ಲಿ ಹೋಗುವ ಯಾರಿಗಾದರೂ ಕೇಳದೇ ಎಂದುಕೊಂಡೆ. ಅಂಗೈ ಬಾಯುವವರೆಗೆ ಬಡಿದೆ. ಸುಮ್ಮನೆ ಹಲಗೆ ಬಡಿದರೆ ಹುಚ್ಚು ಹಿಡಿದಂತಾಗುತ್ತದೆಂದು ಬಡಿದದ್ದನ್ನೆಲ್ಲ ಬೇಯಿಸಿ ಒಟ್ಟಿದೆ.

"ಕರೀತಾ ಇದ್ದೆ, ಬೇಟಾ," ಎಂದೆ. "ಅದು ಅಡುಗೆ ಅಲ್ಲ."

ತಲೆಯೆತ್ತಿದಾಗ ಇವರು ಹಗ್ಗದ ಆಚೆ ನಿಂತಿದ್ದರು. ಇವರಿಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಆ ಹುಡುಗಿ ಇಬ್ಬರನ್ನೂ ನೋಡಿ, ನನ್ನ ಹಿಟ್ಟು ಮೆತ್ತಿದ ಕೈಯನ್ನು ಒಮ್ಮೆ ಹಿಡಿದು, ಗಾಡಿ ತಳ್ಳಿಕೊಂಡು ಹೋದಳು. ಅವಳನ್ನು ಮತ್ತೆ ನೋಡಲಿಲ್ಲ. ಹೆಸರನ್ನೂ ಕೇಳಲಿಲ್ಲ.

ಸಂಜೆ ಜಾರ್ಜ್‌ಟೌನಿಗೆ ವಾಪಸು ಹೊರಟೆವು. ಬೀದಿಯ ಇಕ್ಕೆಲದ ಹೊಲಗಳಲ್ಲಿ ಹಿಮ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದರು:

"ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?"

"ನೀವು ಬಾಗಲಾ ತಗದ ಕೂಡ್ಲೇ ನಕ್ಕು ಬಿಟ್ರಿ," ಎಂದೆ. "ರೊಟ್ಟಿ ಒಟ್ಟೀದು ನೋಡಿ ನಕ್ರಿ. ಆಮ್ಯಾಲೆ ಹ್ಯಾಂಗ ಹೇಳೂದು?"

ಹಸಿರು ದೀಪ ಬಂತು. ಹಿಂದಿನ ಕಾರು ಹಾರ್ನ್ ಹೊಡೆಯಿತು. ಇವರು ಮುಂದೆ ಹೋಗಿ, ಒಂದು ಪ್ಲಾಜಾದ ಅಂಗಳಕ್ಕೆ ಕಾರು ತಿರುಗಿಸಿ ನಿಲ್ಲಿಸಿದರು. ಸ್ಟೀರಿಂಗ್ ಹಿಡಿದುಕೊಂಡೇ, ನನ್ನ ಕಡೆ ನೋಡದೆ ಹೇಳಿದರು.

"ನಾ ಆ ಸಪ್ಪಳ ಕೇಳಿದ ಮ್ಯಾಲೆ ಲಗೂನ ತೋಡ್ಲಿಲ್ಲ. ಆಕಿ ಆರಾಮ ಅದಾಳ ಅಂತ ತಿಳಕೊಂಡೆ. ಕೈ ಸೆಟದಿದ್ವು. ಮೂಲೀ ಗ್ಯಾಸ್ ಸ್ಟೇಶನ್ನಿಗೆ ಹೋಗಿ ಕಾಫಿ ಕುಡದು, ಅಲ್ಲೇ ಕುಂತು ಮೈ ಕಾಸಿಕೊಂಡು, ಸಲಿಕೆ ಇಸಕೊಂಡು ಬಂದೆ."

ನಾನು ಹಲಗೆಯ ಮೇಲೆ ಬಡಿದಷ್ಟೂ ಇವರಿಗೆ ಹೊರಗೆ ನಿರಾಳವಾಗಿತ್ತು. ಸಿಟ್ಟು ಬರಬೇಕಿತ್ತು. ಆದರೆ ಇವರಾದರೂ ಇಡೀ ರಾತ್ರಿ ಪೆಟ್ಟಿಗೆ ಹೊತ್ತು, ಆ ಗಾಳಿಯಲ್ಲಿ ನಡೆದು ಬಂದವರು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಕೂತೆ. ಇವರು ಕಣ್ಣೊರೆಸಿಕೊಂಡು ಮತ್ತೆ ಕಾರು ಚಾಲೂ ಮಾಡಿದರು.

ಸೋಮವಾರ ಇವರೇ ಮ್ಯೂಸಿಯಮ್ಮಿಗೆ ಫೋನ್ ಮಾಡಿ ತಮ್ಮ ರೆಕಾರ್ಡಿಂಗ್ ತೆಗೆದುಬಿಡಿ ಎಂದರು. ಆ ಹುಡುಗಿ ಗಾಬರಿಯಾದಳು. ಪ್ರದರ್ಶನ ಬೇರೆ ಊರುಗಳಿಗೆ ಹೋಗಲು ಆಗಲೇ ಒಪ್ಪಂದವಾಗಿದೆ, ಬಂದ ಜನರೆಲ್ಲ ಇಷ್ಟಪಟ್ಟಿರುವುದು ಅದೇ ಕಥೆಯನ್ನು ಎಂದಳು. ವಿಷಯವೇನೆಂದು ಕೇಳಿ ತಿಳಿದ ಮೇಲೆ ಮಾತ್ರ ಅವಳ ಧ್ವನಿ ಬದಲಾಯಿತು. ನನ್ನನ್ನು ಕರೆಸಿ, ನನ್ನದನ್ನೂ ರೆಕಾರ್ಡ್ ಮಾಡಿಕೊಂಡಳು. ಮೊದಲೇ ಕೇಳಬೇಕಿತ್ತು ಎಂದು ಹೇಳಿ ತಲೆ ತಗ್ಗಿಸಿದಳು. ಗೋಡೆಯಲ್ಲಿ ಇವರ ಗುಂಡಿ ಉಳಿಯಿತು, ಅದರ ಪಕ್ಕ ಎರಡನೆಯ ಗುಂಡಿ ಬಂತು. ಶನಿವಾರಗಳಿಗೆ ನಾನು ಬರುವುದಿಲ್ಲ ಎಂದೆ. ಅವಳು ಒತ್ತಾಯಿಸಲಿಲ್ಲ. ಸಂಘದ ಹಿರಿಯರಿಗೆ ಬೇಜಾರಾಯಿತು, ಇಷ್ಟು ಒಳ್ಳೆಯ ವೇದಿಕೆ ಸಿಕ್ಕಾಗ ಮನೆಯ ಮಾತು ಹೊರಗೆ ಯಾಕೆ ಎಂದರಂತೆ. ನನ್ನೆದುರಿಗೆ ಯಾರೂ ಹೇಳಲಿಲ್ಲ.

ಮಗಳು ಓದುತ್ತಿರುವ ಊರಿನಿಂದ ಫೋನ್ ಮಾಡಿದಳು. ಯಾರೋ ಕಳಿಸಿದ ರೆಕಾರ್ಡಿಂಗ್ ಕೇಳಿದ್ದಳು. "ಅಮ್ಮಾ, ಐ ವಾಸ್ ದೇರ್," ಎಂದಳು. ಅಷ್ಟು ಹೇಳಿ ಅತ್ತಳು. ನಾನು ಅವಳನ್ನು ಸಮಾಧಾನ ಮಾಡಿದೆ. ನನಗೆ ಅಳು ಬರಲಿಲ್ಲ.

ಆ ಖೋಲಿಯನ್ನು ಬಿಚ್ಚಿ ಲಾರಿಗೆ ಹಾಕಿ ಬೇರೆ ಬೇರೆ ಊರಿಗೆ ಒಯ್ದರು. ವಿಟ್ಬಿಯ ಲೈಬ್ರರಿಯಲ್ಲಿ ಇಟ್ಟಾಗ ಇವರು ನನಗೆ ಹೇಳದೆ ಒಬ್ಬರೇ ಹೋಗಿ ಬಂದರು. ಶಾಲೆಯ ಮಕ್ಕಳು ಬಾಗಿಲ ತುಂಬ ನಿಂತಿದ್ದರಂತೆ. ಇವರು ಎರಡನೆಯ ಗುಂಡಿ ಒತ್ತಿ, ಹೊರಬರಲು ದಾರಿಯಿಲ್ಲದೆ ಒಳಗೇ ಸಿಕ್ಕಿಕೊಂಡು, ಪೂರ್ತಿ ಕೇಳಿದರಂತೆ. ಹೆಚ್ಚಿನವರು ಮೊದಲನೆಯ ಗುಂಡಿಯನ್ನೇ ಒತ್ತುತ್ತಾರೆ ಎಂದರು. ನಗು ಅಲ್ಲೇ ಇರುವುದು, ಮಕ್ಕಳಿಗೆ ನಗು ಬೇಕು.

ನಾನು ಅಂದುಕೊಂಡದ್ದು, ಒಮ್ಮೆ ಹೇಳಿಬಿಟ್ಟರೆ ಹಗುರಾಗುತ್ತದೆ ಎಂದು. ಹಾಗಾಗಲಿಲ್ಲ. ಇವರು ಈಗ ಪೂಜೆ, ಹುಟ್ಟುಹಬ್ಬಗಳಲ್ಲಿ ಹಿಮದ ಕಥೆ ಹೇಳುವುದಿಲ್ಲ. ಯಾರಾದರೂ ಕೇಳಿದರೆ ನನ್ನ ಮುಖ ನೋಡುತ್ತಾರೆ. ಆಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. "ನೀವು ಹೇಳಿ, ನಿಮ್ಮದೇ ನಿಜವಾದ ಕಥೆಯಂತಲ್ಲ," ಎನ್ನುತ್ತಾರೆ. ನಾನು ಹೇಳುತ್ತೇನೆ. ಕೈ ಬಾತದ್ದನ್ನು ಹೇಳುವಾಗ ಹೆಂಗಸರು ಅಯ್ಯೋ ಎನ್ನುತ್ತಾರೆ. ಹೇಳುತ್ತಾ ಹೇಳುತ್ತಾ ಎಲ್ಲಿ ನಿಲ್ಲಿಸಿದರೆ ಅಯ್ಯೋ ಬರುತ್ತದೆಂದು ನನಗೂ ಗೊತ್ತಾಗಿಬಿಟ್ಟಿತು. ಅದು ಗೊತ್ತಾದ ದಿನ ನನಗೆ ಭಯವಾಯಿತು.

ಹೋದ ತಿಂಗಳು ಒಬ್ಬರ ಗೃಹಪ್ರವೇಶ. ಊಟವಾದ ಮೇಲೆ ಹೊಸಬರು ಯಾರೋ ಕೇಳಿದರು. ಇವತ್ತು ಬೇಡ ಎಂದೆ. ಅವರು ನಕ್ಕು, ಪ್ಲೀಸ್ ಆಂಟೀ ಎಂದರು. ಬೇಡಪ್ಪಾ ಎಂದು ಹೇಳಿ ಎದ್ದು, ಅಡಿಗೆಮನೆ ದಾಟಿ ಹಿಂದಿನ ಬಾಗಿಲಿನಿಂದ ಡೆಕ್ಕಿಗೆ ಬಂದು ನಿಂತೆ. ಸಂಜೆಯ ಗಾಳಿ ತಣ್ಣಗಿತ್ತು. ಒಳಗಿನಿಂದ ಮಾತು ಬೇರೆ ಕಡೆ ಹೊರಳಿದ್ದು ಕೇಳಿಸಿತು, ಯಾರೋ ಮನೆಯ ಬೆಲೆಗಳ ಬಗ್ಗೆ ಶುರು ಮಾಡಿದ್ದರು. ಸ್ವಲ್ಪ ಹೊತ್ತಿಗೆ ಇವರು ನನ್ನ ಕೋಟು ತಂದು ಹೆಗಲಿಗೆ ಹಾಕಿದರು.

"ಹೋಗೂಣೇನು?" ಎಂದು ಕೇಳಿದರು.

"ಇನ್ನೊಂದು ಸ್ವಲ್ಪ ನಿಂದರ್ರಿ," ಎಂದೆ.

ಇಬ್ಬರೂ ಅಲ್ಲೇ ನಿಂತೆವು.